ವಂಶವಾಹಿಯ ಮೌನವೂ ಹಣ್ಣಾಗುವ ಬಗೆಯೂ

ಬೇಸಗೆಯಲ್ಲಿ ಮಾಟುಂಗದ ಪೇಟೆಯಿಂದ ಆಪೂಸು ಮಾವಿನ ಪೆಟ್ಟಿಗೆಯನ್ನು ಮನೆಗೆ ತಂದವರೆಲ್ಲರೂ ಬಲ್ಲ ಸಂಗತಿಯೊಂದುಂಟು: ಹುಲ್ಲಿನಲ್ಲಿ ಅಡೆ ಹಾಕಿದ ಕಾಯಿಗಳಲ್ಲಿ ಒಂದು ಹಣ್ಣಾಯಿತೆಂದರೆ ಉಳಿದವೂ ಬೇಗನೆ ಹಣ್ಣಾಗುತ್ತವೆ. ಹಣ್ಣು ಹೊರಸೂಸುವ ಎಥಿಲೀನ್ ಎಂಬ ಅನಿಲವೇ ಇದಕ್ಕೆ ಕಾರಣ. ಸಸ್ಯಗಳ ಹಾರ್ಮೋನುಗಳಲ್ಲಿ ಇದೂ ಒಂದು. ಜೀವಕೋಶವು ಈ ಅನಿಲವನ್ನು ತಯಾರಿಸುವುದು ಹೇಗೆ, ಅದರ ಸಂದೇಶವನ್ನು ಗ್ರಹಿಸುವುದು ಹೇಗೆ ಎಂಬುದನ್ನು ಅರಿಯಲು ನೆರವಾದ ಉಪಾಯಗಳಲ್ಲಿ ವಂಶವಾಹಿಯನ್ನು ಮೌನಗೊಳಿಸುವ ವಿಧಾನ ಮುಖ್ಯವಾದುದು.

ಇದರ ತತ್ತ್ವ ಇಷ್ಟು. ವಂಶವಾಹಿಯು ತನ್ನ ಆದೇಶವನ್ನು ಆರ್‌ಎನ್‌ಎ ಎಂಬ ಪ್ರತಿಯ ರೂಪದಲ್ಲಿ ಕಳುಹಿಸುತ್ತದೆ. ಕೋಶವು ಅದನ್ನು ಅನುಸರಿಸಿ ಪ್ರೋಟೀನನ್ನು ರಚಿಸುತ್ತದೆ. ಆ ಪ್ರತಿಗೆ ಸರಿಹೊಂದುವ ಜೋಡಿ ಎಳೆಯ ಆರ್‌ಎನ್‌ಎಯನ್ನು ಒಳಗೆ ಹುಟ್ಟಿಸಿದರೆ, ಕೋಶವು ಅದನ್ನು ತುಂಡರಿಸಿ, ಆ ತುಣುಕುಗಳ ಗುರುತಿನಿಂದಲೇ ಮೂಲ ಪ್ರತಿಯನ್ನು ಹುಡುಕಿ ನಾಶಮಾಡುತ್ತದೆ. ವಂಶವಾಹಿ ಅಳಿಯುವುದಿಲ್ಲ; ಅದರ ಆದೇಶ ಮಾತ್ರ ತಲಪುವುದಿಲ್ಲ. ಆಗ ಗಿಡದಲ್ಲಿ ಯಾವ ಕಾರ್ಯ ಕೆಟ್ಟಿತೆಂಬುದನ್ನು ನೋಡಿ ಆ ವಂಶವಾಹಿಯ ಕೆಲಸವನ್ನು ಊಹಿಸಬಹುದು.

1990ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹ್ಯಾಮಿಲ್ಟನ್, ಲೈಸೆಟ್, ಗ್ರಿಯರ್ಸನ್ ಎಂಬವರು, ಕೆಲಸ ಏನೆಂದು ಗೊತ್ತಿಲ್ಲದಿದ್ದ ಟೊಮೇಟೊ ವಂಶವಾಹಿಯೊಂದನ್ನು ತಲೆಕೆಳಗಾಗಿ ಗಿಡಕ್ಕೆ ಸೇರಿಸಿದರು. ಎಥಿಲೀನಿನ ಉತ್ಪತ್ತಿ ತೀರ ಇಳಿಯಿತು. ಆ ಅನಿಲದ ತಯಾರಿಕೆಯೇ ಅದರ ಕೆಲಸವೆಂದು ಗೊತ್ತಾಯಿತು. ಮೌನಗೊಂಡ ಸಸ್ಯಗಳಲ್ಲಿ ಆರ್‌ಎನ್‌ಎಯ ಕಿರುತುಣುಕುಗಳಿರುವುದನ್ನು 1999ರಲ್ಲಿ ಅದೇ ಹ್ಯಾಮಿಲ್ಟನ್ ಅವರು ಬಾಲ್‌ಕೂಂಬ್ ಅವರೊಡನೆ ಕಂಡುಹಿಡಿದರು.

ಸಂದೇಶವನ್ನು ಗ್ರಹಿಸುವ ಬಗೆ ಇನ್ನೂ ವಿಚಿತ್ರವಾದುದು. ಗ್ರಾಹಕ ಪ್ರೋಟೀನನ್ನು ಕುಂದಿಸಿದರೆ ಗಿಡ ಎಥಿಲೀನಿಗೆ ಕಿವುಡಾಗಬೇಕೆಂದು ತೋರುವುದು ಸಹಜ. ಆದರೆ 2000ದಲ್ಲಿ ಕ್ಲೀ ಮತ್ತು ಸಂಗಡಿಗರು ಟೊಮೇಟೊವಿನಲ್ಲಿ ಅಂತಹ ಒಂದು ಗ್ರಾಹಕವನ್ನು ಕುಂದಿಸಿದಾಗ, ಹಣ್ಣು ಮೊದಲಿಗಿಂತ ಬೇಗ ಮಾಗಿತು! ಗ್ರಾಹಕವೆಂಬುದು ಪಕ್ವತೆಯನ್ನು ತಡೆಹಿಡಿದ ಅಗುಳಿ; ಎಥಿಲೀನ್ ಬಂದು ಅದನ್ನು ಸಡಿಲಿಸುತ್ತದೆ. ಮತ್ತೊಂದು ಗ್ರಾಹಕವನ್ನು ಕುಂದಿಸಿದಾಗಲಾದರೋ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅದರ ಸ್ಥಾನವನ್ನು ಮೊದಲನೆಯದು ಹೆಚ್ಚಿ ತುಂಬಿಕೊಟ್ಟಿತ್ತು. ಆದುದರಿಂದ, ಮೌನಗೊಳಿಸಿದರೂ ಏನೂ ಆಗಲಿಲ್ಲವೆಂದು ಆ ವಂಶವಾಹಿ ನಿರುಪಯುಕ್ತವೆಂದು ತೀರ್ಮಾನಿಸಲಾಗದು.

ಈ ವಿದ್ಯೆ ನಮ್ಮ ನಗರಕ್ಕೆ ಹೊರತಾದುದಲ್ಲ. ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಇದೇ ಉಪಾಯದಿಂದ, ಹಾರ್ಮೋನಿನ ಬದಲು ವೈರಸ್ಸಿನ ವಂಶವಾಹಿಯನ್ನು ಗುರಿಯಾಗಿಸಿ, ಗೊಂಚಲೆಲೆ ರೋಗವನ್ನು ತಡೆಯಬಲ್ಲ ಬಾಳೆಯ ಗಿಡಗಳನ್ನು ರೂಪಿಸಿದ ವರದಿ 2012ರಲ್ಲಿ ಪ್ರಕಟವಾಯಿತು. ಕಾನೂನು ನಿಷೇಧಿಸಿರುವ ಕಾರ್ಬೈಡಿನಿಂದ ಹೊರಡುವ ಅಸಿಟಿಲೀನ್ ಅನಿಲವೂ ಕಾಯಿಯಲ್ಲಿ ಸಡಿಲಿಸುವುದು ಆ ಅಗುಳಿಯನ್ನೇ. ಜೊತೆಗೆ ಆರ್ಸೆನಿಕ್ಕಿನ ಅಂಶವನ್ನೂ ತರಬಲ್ಲುದು. ಅಗುಳಿಯ ಗುಟ್ಟನ್ನು ತಿಳಿದಷ್ಟೂ ಇಂತಹ ವಿಷದ ಹಂಗಿಲ್ಲದೆ ಹಣ್ಣನ್ನು ಕಾಪಾಡುವ, ಮಾಗಿಸುವ ದಾರಿಗಳು ಸುಗಮವಾಗುತ್ತವೆ.