ಕಣ್ಣಿಗೂ ಉಂಟೇ ಸಿಪ್ಪೆ?

ಕಿತ್ತಳೆಗೆ ಸಿಪ್ಪೆ ಇದೆ, ಈರುಳ್ಳಿಗೂ ಇದೆ. ಆದರೆ ಕಣ್ಣಿಗೆ? ಇಂಗ್ಲಿಷ್ ಭಾಷೆಯನ್ನು ನಂಬುವುದಾದರೆ ಅದಕ್ಕೂ ಉಂಟು. ‘ಕೀಪ್ ಯುವರ್ ಐಸ್ ಪೀಲ್ಡ್’ ಎಂಬುದು ಆ ಭಾಷೆಯ ಬಳಕೆಯ ನುಡಿಗಟ್ಟು. ಪದಕ್ಕೆ ಪದ ಇಟ್ಟರೆ ‘ಕಣ್ಣುಗಳ ಸಿಪ್ಪೆ ಸುಲಿದಿಟ್ಟುಕೋ’ ಎಂದಾಗುತ್ತದೆ. ಅದರ ಅರ್ಥ ಇಷ್ಟೇ: ಎಚ್ಚರವಾಗಿರು, ಸುತ್ತಮುತ್ತ ನಿಗಾ ಇಡು. ಪಹರೆಯವನಿಗೆ ಮೇಲಧಿಕಾರಿ ಹೇಳುವ ಮಾತಿದು. ಗುರುತಿಲ್ಲದ ರಸ್ತೆಯಲ್ಲಿ ತಿರುವು ಹುಡುಕುವ ಚಾಲಕ ಪಕ್ಕದವನಿಗೆ ಹೇಳುವ ಮಾತೂ ಹೌದು.

ಇದರ ಹುಟ್ಟಿನ ಬಗ್ಗೆ ಸ್ವಾರಸ್ಯದ ಕಥೆಯೊಂದು ಪ್ರಚಾರದಲ್ಲಿದೆ. ಬ್ರಿಟನ್ನಿನ ಗೃಹ ಸಚಿವರಾಗಿದ್ದ ರಾಬರ್ಟ್ ಪೀಲ್ 1829ರಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆಯನ್ನು ಸ್ಥಾಪಿಸಿದರು. ಅವರ ಹೆಸರಿನಿಂದಲೇ ಜನ ಪೊಲೀಸರನ್ನು ‘ಬಾಬಿ’ ಎಂದೂ ‘ಪೀಲರ್’ ಎಂದೂ ಕರೆಯತೊಡಗಿದರು. ಕಳ್ಳಕಾಕರ ಮೇಲೆ ಸದಾ ಕಣ್ಣಿಡುವ ಈ ಪೀಲರ್‌ಗಳಿಂದಲೇ ‘ಪೀಲ್ಡ್’ ಕಣ್ಣು ಬಂತು ಎಂಬುದು ಕಥೆ.

ಕೇಳಲು ಚೆಂದವೇ. ಆದರೆ ಪುರಾವೆ ಕೇಳಿದರೆ ಕಥೆ ತಡವರಿಸುತ್ತದೆ. ಮೊದಲನೆಯದಾಗಿ, ನುಡಿಗಟ್ಟಿನ ಹಳೆಯ ಬಳಕೆಗಳು ದೊರೆಯುವುದು ಲಂಡನ್ನಿನಲ್ಲಲ್ಲ, ಅಮೆರಿಕದಲ್ಲಿ. ಅದೂ 1850ರ ದಶಕದಲ್ಲಿ. ಎರಡನೆಯದಾಗಿ, ಇದಕ್ಕೊಬ್ಬ ಅಣ್ಣನಿದ್ದಾನೆ. ‘ಕೀಪ್ ಯುವರ್ ಐಸ್ ಸ್ಕಿನ್ಡ್’, ಅಂದರೆ ಚರ್ಮ ಸುಲಿದ ಕಣ್ಣು, ಎಂಬ ಮಾತು 1830ರ ದಶಕದಲ್ಲೇ ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಬ್ರಿಟನ್ನಿನಲ್ಲಿ ಈ ರೂಪ ಇಂದಿಗೂ ಕೇಳಿಬರುತ್ತದೆ. ‘ಸ್ಕಿನ್’ ಎಂಬ ಹೆಸರಿನ ಗೃಹ ಸಚಿವರು ಯಾರೂ ಇರಲಿಲ್ಲವಲ್ಲ! ಹೀಗಾಗಿ ಇಲ್ಲಿರುವುದು ವ್ಯಕ್ತಿಯ ಹೆಸರಲ್ಲ, ಸುಲಿಯುವ ಕ್ರಿಯೆ.

‘ಪೀಲ್’ ಎಂಬ ಕ್ರಿಯಾಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಪಿಲಸ್’ ಎಂದರೆ ಕೂದಲು, ‘ಪಿಲಾರೆ’ ಎಂದರೆ ಕೂದಲು ತೆಗೆಯುವುದು. ಕಾಲಕ್ರಮೇಣ ಅದು ಸಿಪ್ಪೆ, ತೊಗಟೆಗಳನ್ನು ಸುಲಿಯುವುದಕ್ಕೂ ಅನ್ವಯವಾಯಿತು. ಕಣ್ಣಿನ ಹೊದಿಕೆಯೆಂದರೆ ರೆಪ್ಪೆ. ಅದನ್ನು ಸುಲಿದಿಟ್ಟರೆ ಕಣ್ಣು ಮುಚ್ಚುವ ಮಾತೇ ಇಲ್ಲ. ಚಿತ್ರ ತುಸು ಭೀಕರವಾದರೂ ಭಾವ ಸ್ಪಷ್ಟ.

ಕನ್ನಡಕ್ಕೆ ತರುವಾಗ ಮಾತ್ರ ಎಚ್ಚರ ಬೇಕು. ‘ಕಣ್ಣಿನ ಪೊರೆ ಕಳಚಿತು’ ಎಂದರೆ ಹತ್ತಿರದ್ದೆನಿಸಬಹುದು. ಆದರೆ ನಮ್ಮಲ್ಲಿ ಅದು ಭ್ರಮೆ ಹರಿದು ತಿಳಿವಳಿಕೆ ಬಂತು ಎಂಬುದನ್ನು ಹೇಳುತ್ತದೆ, ಕಾವಲನ್ನಲ್ಲ. ಕಾಯುವುದಕ್ಕೆ ನಮ್ಮ ದಾರಿಯೇ ಬೇರೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತೇವೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇವೆ. ಅದೂ ಸಾಲದಿದ್ದರೆ ಮೈಯೆಲ್ಲ ಕಣ್ಣಾಗುತ್ತೇವೆ. ಅವರು ರೆಪ್ಪೆ ಕಳೆದುಕೊಂಡು ಎಚ್ಚರವಾಗಿದ್ದರೆ, ನಾವು ಕಣ್ಣು ಹೆಚ್ಚಿಸಿಕೊಂಡು ಎಚ್ಚರವಾಗಿರುತ್ತೇವೆ.

ಪೀಲ್ ಸಾಹೇಬರ ಕಥೆ ಇಷ್ಟು ಕಾಲ ಬಾಳಿದ್ದೇಕೆ? ಹೆಸರು ಹೊಂದುತ್ತದೆ, ಕೆಲಸವೂ ಹೊಂದುತ್ತದೆ. ಇಷ್ಟು ಸಲೀಸಾಗಿ ಹೊಂದಿಕೊಂಡಾಗ ಮತ್ತೆ ಪ್ರಶ್ನೆ ಕೇಳಬೇಕೆಂದು ಯಾರಿಗೂ ತೋಚುವುದಿಲ್ಲ. ಮಾತಿನ ಮೂಲ ಹುಡುಕುವವರು ಕಣ್ಣು ತೆರೆದಿಡಬೇಕಾದದ್ದು ಇಂಥ ಜಾಗದಲ್ಲೇ.