ಕಿವಿಗೂ ಉಂಟು ಊಟದಲ್ಲಿ ಪಾಲು

ಆಹಾರದ ಆಯ್ಕೆಯಲ್ಲಿ ನಾಲಗೆ, ಮೂಗು, ಕಣ್ಣುಗಳ ಪಾತ್ರವನ್ನು ಎಲ್ಲರೂ ಬಲ್ಲರು. ಕಿವಿಗೂ ಅದರಲ್ಲಿ ಪಾಲುಂಟೆಂದರೆ ನಂಬುವವರು ವಿರಳ. ಆದರೆ ಪಾಶ್ಚಾತ್ಯ ದೇಶಗಳಲ್ಲಿ ನಡೆದ ಹಲವು ಪ್ರಯೋಗಗಳು ಈ ಮಾತನ್ನು ಸಮರ್ಥಿಸುತ್ತವೆ.

ಅಮೆರಿಕದ ರೊನಾಲ್ಡ್ ಮಿಲಿಮನ್ ಅವರು ಭೋಜನಗೃಹವೊಂದರಲ್ಲಿ ನಡೆಸಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಹಿನ್ನೆಲೆಯಲ್ಲಿ ನಿಧಾನಗತಿಯ ಸಂಗೀತವಿದ್ದಾಗ ಗಿರಾಕಿಗಳು ಊಟ ಮುಗಿಸಿ ಹೊರಡಲು ಸರಾಸರಿ 56 ನಿಮಿಷ ತೆಗೆದುಕೊಂಡರು. ವೇಗದ ಸಂಗೀತವಿದ್ದಾಗ 45 ನಿಮಿಷ. ಊಟದ ಖರ್ಚಿನಲ್ಲಿ ಹೇಳುವಂಥ ವ್ಯತ್ಯಾಸವಾಗಲಿಲ್ಲ. ಆದರೆ ಹೆಚ್ಚು ಹೊತ್ತು ಕುಳಿತವರು ಮದ್ಯಕ್ಕೆ ಮಾಡಿದ ಖರ್ಚು ಸುಮಾರು ಶೇಕಡಾ 40ರಷ್ಟು ಏರಿತ್ತು.

1997ರಲ್ಲಿ ಏಡ್ರಿಯನ್ ನಾರ್ತ್ ಮತ್ತು ಸಂಗಡಿಗರು ಇಂಗ್ಲೆಂಡಿನ ಅಂಗಡಿಯೊಂದರಲ್ಲಿ ನಡೆಸಿದ ಪ್ರಯೋಗದ ಫಲಿತಾಂಶವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಫ್ರೆಂಚ್ ಸಂಗೀತ ಕೇಳಿಬರುತ್ತಿದ್ದಾಗ ಫ್ರಾನ್ಸಿನ ದ್ರಾಕ್ಷಾಮದ್ಯ ಜರ್ಮನಿಯದಕ್ಕಿಂತ ಐದು ಪಟ್ಟು ಮಾರಾಟವಾಯಿತು. ಜರ್ಮನ್ ಸಂಗೀತವಿದ್ದಾಗ ಜರ್ಮನಿಯದೇ ಸುಮಾರು ಎರಡು ಪಟ್ಟು. ಸೋಜಿಗವೆಂದರೆ, ಕೊಂಡವರಲ್ಲಿ ಬಹುತೇಕರು ಸಂಗೀತದ ಪ್ರಭಾವ ತಮ್ಮ ಮೇಲಾಯಿತೆಂದು ಒಪ್ಪಲೇ ಇಲ್ಲ.

ನಮ್ಮ ಮನೆಗಳಿಗೆ ಹೆಚ್ಚು ಸಲ್ಲುವ ಪಾಠವಿರುವುದು ದೀಪಾಯನ ಬಿಸ್ವಾಸ್ ಮತ್ತು ಸಂಗಡಿಗರ ಅಧ್ಯಯನದಲ್ಲಿ. 2018ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕಾಗಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಉಪಾಹಾರಗೃಹವೊಂದರಲ್ಲಿ ಸಂಗೀತವನ್ನು ಒಮ್ಮೆ 55 ಡೆಸಿಬೆಲ್, ಮತ್ತೊಮ್ಮೆ 70 ಡೆಸಿಬೆಲ್ ಮಟ್ಟದಲ್ಲಿ ನುಡಿಸಲಾಯಿತು. ಅಬ್ಬರ ಹೆಚ್ಚಾದಾಗ ಆರೋಗ್ಯಕ್ಕೆ ಹಿತವಲ್ಲದ ತಿನಿಸುಗಳ ಬೇಡಿಕೆಯೂ ಹೆಚ್ಚಿತು. ಗಟ್ಟಿ ಸದ್ದು ಮೈಮನಗಳನ್ನು ಉದ್ರೇಕಗೊಳಿಸುತ್ತದೆ. ಉದ್ರಿಕ್ತ ಮನಸ್ಸು ಜಿಡ್ಡು, ಸಿಹಿಗಳತ್ತ ವಾಲುತ್ತದೆ. ಮೆಲುದನಿ ಮನಸ್ಸನ್ನು ತಣಿಸಿ ವಿವೇಕಕ್ಕೆ ಎಡೆಗೊಡುತ್ತದೆ ಎಂಬುದು ಸಂಶೋಧಕರ ವಿವರಣೆ.

ಹಾಗೆಂದು ಸಂಗೀತವೇ ಸರ್ವಸ್ವವಲ್ಲ. ಹಸಿವು, ಬೆಲೆ, ರೂಢಿ, ಜೊತೆಗಾರರು ಇವೆಲ್ಲವೂ ಆಯ್ಕೆಯನ್ನು ತಿದ್ದುತ್ತವೆ. ಆದರೆ ಉಳಿದವು ನಮ್ಮ ಅರಿವಿಗೆ ಬರುತ್ತವೆ. ಸಂಗೀತ ಅರಿವಿಲ್ಲದೆ ಕೆಲಸ ಮಾಡುತ್ತದೆ. ಇದನ್ನು ಬಲ್ಲ ವ್ಯಾಪಾರಿ ತನ್ನ ಲಾಭಕ್ಕೆ ತಕ್ಕ ರಾಗವನ್ನು ಆರಿಸಿಕೊಳ್ಳುತ್ತಾನೆ. ಇದನ್ನು ಬಲ್ಲ ಗೃಹಸ್ಥನೂ ತನ್ನ ಆರೋಗ್ಯಕ್ಕೆ ತಕ್ಕದ್ದನ್ನು ಆರಿಸಿಕೊಳ್ಳಬಾರದೇಕೆ?

ಮಧುಮೇಹವುಳ್ಳ ಹಿರಿಯರು, ಕರಿದ ತಿಂಡಿಗೆ ಹಾತೊರೆಯುವ ಮಕ್ಕಳು ಇಂದು ಅನೇಕ ಮನೆಗಳಲ್ಲಿದ್ದಾರೆ. ಅಂಥವರಿಗೆ ಪಥ್ಯವನ್ನು ಬರಿಯ ಬಾಯಿಮಾತಿನಲ್ಲಿ ಬೋಧಿಸಿದರೆ ಸಾಲದು. ಊಟದ ವೇಳೆ ದೂರದರ್ಶನದ ಗದ್ದಲವನ್ನು ನಿಲ್ಲಿಸಿ, ಬೇಕಾದರೆ ವೀಣೆಯನ್ನೋ ಕೊಳಲನ್ನೋ ಮೆಲ್ಲನೆ ಕೇಳಿಸಬಹುದು. ಮದುವೆಯ ಮಂಟಪದಲ್ಲಿ ಧ್ವನಿವರ್ಧಕವನ್ನು ಪಂಕ್ತಿಯಿಂದ ದೂರವಿಡಬಹುದು. ಖರ್ಚಿಲ್ಲದ ಈ ಉಪಾಯದಿಂದ ತಟ್ಟೆಯಲ್ಲಿ ಹಿತವಾದುದಕ್ಕೆ ಹೆಚ್ಚಿನ ಜಾಗ ದೊರೆತರೆ ಅದು ಮನೆಮಂದಿಗೆಲ್ಲ ಲಾಭವೇ ಸರಿ.