ರಜೆಗೆ ಬಂದವರ ಹಲ್ಲು

ಗಲ್ಫಿನಲ್ಲಿ ಹಲ್ಲಿಗೆ ಕ್ಯಾಪ್ ದುಬಾರಿಯೆಂದು ಹೊಸೂರು, ಕೃಷ್ಣಗಿರಿಯ ನಮ್ಮವರು ರಜೆಗೆ ಬಂದಾಗ ಹಾಕಿಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಮದುವೆ, ವೇಳಾಂಕಣಿ ಎಲ್ಲ ಮುಗಿಸಿ ಕೊನೆಯ ವಾರ ವೈದ್ಯರ ಬಳಿ ಓಡುತ್ತಾರೆ. ರೂಟ್ ಕೆನಾಲಿಗೇ ಎರಡು ಮೂರು ಸಲ ಹೋಗಬೇಕಾಗಬಹುದು. ಆಮೇಲೆ ಹಲ್ಲು ಉಜ್ಜಿ, ಅಚ್ಚು ತೆಗೆದು, ಲ್ಯಾಬಿನಿಂದ ಕ್ಯಾಪ್ ಬರಲು ಕೆಲವು ದಿನ. ಕಚ್ಚುವಾಗ ಎತ್ತರವೆನಿಸಿದರೆ ತಿದ್ದಿಸಲು ಮತ್ತೆ ಹೋಗಬೇಕು. ಕ್ಯಾಪ್ ಇಲ್ಲದೆ ವಿಮಾನ ಹತ್ತಿದರೆ, ರೂಟ್ ಕೆನಾಲ್ ಆದ ದವಡೆಹಲ್ಲು ಸೀಳಿ, ಕೀಳಿಸಬೇಕಾದೀತು.

ಹಲ್ಲುನೋವಿನವರ ಪಾಲಕಿ ಸಂತ ಅಪೊಲೋನಿಯಾರನ್ನು ಬೇಡಿಕೊಳ್ಳಿ, ಆದರೆ ರಜೆಯ ಮೊದಲ ವಾರವೇ ಹೊರಡಿ. ಕೈಬಿಗಿಯಿದ್ದವರಿಗೆ ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ; ಸರದಿ ಕಾಯಲು ತಾಳ್ಮೆ ಬೇಕು. ಹಿಂದಿನ ಹಲ್ಲಿಗೆ ಅಗ್ಗದ ಲೋಹದ ಕ್ಯಾಪೇ ಸಾಕು, ನಕ್ಕರೂ ಕಾಣದು. ಎಕ್ಸ್-ರೇ, ರಸೀದಿ ಕೇಳಿ ಪೆಟ್ಟಿಗೆಗೆ ಹಾಕಿಕೊಳ್ಳಿ.